ಮೆಮೊರಿ ಕಾರ್ಡಿನೊಳಗಿನ ರವಿವಾರ

ಅಮ್ಮನ ಟ್ರಂಕಿನ ಮುಚ್ಚಳ ಎತ್ತಿದರೆ ನುಸಿಗುಳಿಗೆಯ ವಾಸನೆ ಗಪ್ಪನೆ ಮೂಗಿಗೆ ಬಡಿಯುತ್ತದೆ. ಹೋದ ತಿಂಗಳು ಡೊಂಬಿವಲಿಯ ನನ್ನ ತವರುಮನೆಗೆ ಬಣ್ಣ ಹೊಡೆಸುವಾಗ ಅದನ್ನು ಖಾಲಿ ಮಾಡಬೇಕಾಯಿತು. ಸೀರೆಗಳ ಮಡಿಕೆಯಲ್ಲಿ ಒಂದು ಹಳೆಯ ಚೈನಾ ಫೋನು ಸಿಕ್ಕಿತು. ಬ್ಯಾಟರಿ ಉಬ್ಬಿ, ಹಿಂದಿನ ಮುಚ್ಚಳ ಕೂರದೆ, ರಬ್ಬರ್ ಬ್ಯಾಂಡ್ ಬಿಗಿದಿತ್ತು. ಕಸದ ಚೀಲಕ್ಕೆ ಹಾಕಲು ಹೋದೆ. ಅಮ್ಮ ಕೈ ಹಿಡಿದಳು.

"ಏ, ಒಗೀಬ್ಯಾಡ. ಅದರಾಗ ಅಯ್ಯನೋರು ಅದಾರ."

ಅಯ್ಯನೋರು ಎಂದರೆ ಕಳವಾ ಸ್ಟೇಷನ್ ಹತ್ತಿರದ ನಮ್ಮ ಕನ್ನಡ ಸಭೆಯ ಪಾಸ್ಟರು. ಯಾದಗಿರಿ ಕಡೆಯವರು. ಸಭೆ ಅಂದೆನೆಂದು ದೊಡ್ಡ ಚರ್ಚನ್ನು ಕಲ್ಪಿಸಿಕೊಳ್ಳಬೇಡಿ. ರೈಲು ಹಳಿಯ ಪಕ್ಕದಲ್ಲಿ ಚಿಕ್ಕ ಮಕ್ಕಳ ಬಾಲವಾಡಿಯ ಒಂದೇ ಕೋಣೆಯ ಖೋಲಿ, ಗೋಡೆಯ ಮೇಲೆ ಮರಾಠಿ ಅಕ್ಷರಮಾಲೆ, ನೆಲಕ್ಕೆ ಚಾಪೆ. ಬಾಲವಾಡಿಯವರು ರವಿವಾರ ಮಾತ್ರ ಕೊಟ್ಟಿದ್ದರು, ಅದೂ ಮಂದಿ ಬರುತ್ತಾರೆ ಎಂಬ ಕಾರಣಕ್ಕೆ. ಕಲಬುರಗಿ, ರಾಯಚೂರು ಕಡೆಯಿಂದ ಬಂದು ಕಟ್ಟಡದ ಕೆಲಸಕ್ಕೆ ಹೋಗುವವರಿಗೆ ವಾರದಲ್ಲಿ ತಮ್ಮ ಭಾಷೆಯಲ್ಲಿ ಅಳಲಿಕ್ಕೆ, ಹಾಡಲಿಕ್ಕೆ ಇದ್ದದ್ದು ಅದೊಂದೇ ಜಾಗ.

ವಾಕ್ಯ, ಅಂದರೆ ಬೈಬಲಿನ ಬೋಧನೆ, ಹೇಳುವಾಗ ಫಾಸ್ಟ್ ಲೋಕಲ್ ರೈಲು ಬಂದರೆ ಅಯ್ಯನವರು ಬಾಯಿ ಮುಚ್ಚಿ, ಅದು ಹಾದುಹೋಗುವವರೆಗೆ ಕಣ್ಣು ಮಿಟುಕಿಸುತ್ತ ನಿಲ್ಲುತ್ತಿದ್ದರು. ಇನ್ನೊಂದು ಅಭ್ಯಾಸವಿತ್ತು. ಪ್ರಾರ್ಥನೆ ಮುಗಿದ ಮೇಲೆ ಎಲ್ಲರ ಆಮೆನ್ ಕೇಳುವ ತನಕ ಮುಂದಕ್ಕೆ ಹೋಗುತ್ತಿರಲಿಲ್ಲ. ದನಿ ಸಣ್ಣದಾಯಿತೋ, ಶುರು: "ಇದೇನ್ ಆಮೆನ್ ಅದ? ಸಪ್ಪನ ಸಾರು! ಒಂಚೂರು ಉಪ್ಪು ಹಾಕ್ರಿ!" ಚಾಪೆಯ ಮೇಲಿದ್ದವರೆಲ್ಲ ನಗುತ್ತ, ಗೋಡೆ ಅದುರುವಂತೆ ಇನ್ನೊಮ್ಮೆ ಕೂಗುತ್ತಿದ್ದರು.

ಎರಡು ಸಾವಿರದ ಹತ್ತರ ಆಸುಪಾಸು ಅಮ್ಮನಿಗೆ ಖಾರ್ಘರ್‌ನ ಕಟ್ಟುತ್ತಿದ್ದ ಒಂದು ಟಾವರಿನಲ್ಲಿ ಗಾರೆ ಕೆಲಸ ಸಿಕ್ಕಿತು. ಅಲ್ಲಿ ಕೂಲಿಯವರ ಮೇಲ್ವಿಚಾರಕನಾಗಿದ್ದ ಮುಕಾದಮನಿಗೆ ರವಿವಾರವೂ ಒಂದೇ, ಸೋಮವಾರವೂ ಒಂದೇ. ಸ್ಲ್ಯಾಬ್ ಹಾಕುವ ದಿನ ರಜೆ ಕೇಳಿದರೆ ನಾಳೆಯಿಂದ ಬರಲೇಬೇಡ ಅನ್ನುವ ಆಸಾಮಿ. ಅಮ್ಮ ಬೈಬಲ್ ಓದಲಾರಳು, ಅವಳಿಗೆ ಅಕ್ಷರ ಬಾರದು. ಕಿವಿಗೆ ಬಿದ್ದ ವಾಕ್ಯವೇ ಅವಳ ಬೈಬಲ್. ಅಯ್ಯನವರ ಮುಂದೆ ಸೆರಗಿನಲ್ಲಿ ಕಣ್ಣೊರೆಸುತ್ತ, "ವಾಕ್ಯ ಇಲ್ದೆ ವಾರೆಲ್ಲ ಹ್ಯಾಂಗ ಕಳೀಲ್ರಿ ಅಯ್ಯನೋರೆ?" ಎಂದಿದ್ದಳು.

ಅಯ್ಯನವರಿಗೆ ಅದು ಎಲ್ಲಿಗೆ ನಾಟಿತೋ... ಮುಂದಿನ ರವಿವಾರ ಚಾಪೆಯ ಮೇಲೊಂದು ಫೋನು ಇಟ್ಟು ಇಡೀ ಆರಾಧನೆ ರೆಕಾರ್ಡ್ ಮಾಡಿದರು. ಸಿನಿಮಾ ಹಾಡು ತುಂಬಿಸಿಕೊಡುವ ಮೊಬೈಲ್ ಅಂಗಡಿಯಲ್ಲಿ ಕೂತು ಅದನ್ನು ಮೆಮೊರಿ ಕಾರ್ಡುಗಳಿಗೆ ಹಾಕಿಸಿದರು. ಬೆಳಿಗ್ಗೆ ಕೂಲಿಯವರು ಗುಂಪುಗೂಡುವ ನಾಕಾಕ್ಕೆ ತಾವೇ ಬಂದು ಹಂಚಿದರು. ಕಾರ್ಡ್ ಮುಗಿದರೆ ಬ್ಲೂಟೂತ್. ಎರಡು ಫೋನುಗಳನ್ನು ಆಡಿನ ಮರಿಗಳಂತೆ ಹಣೆಗೆ ಹಣೆ ಹಚ್ಚಿ ಹಿಡಿಯುತ್ತಿದ್ದರು. ದೂರ ಇಟ್ಟರೂ ಹೋಗುತ್ತದೆ ಎಂದು ಯಾರು ಹೇಳಿದರೂ ನಂಬುತ್ತಿರಲಿಲ್ಲ.

ಅಮ್ಮ ಫೋನನ್ನು ಕುಪ್ಪಸದಲ್ಲಿ ಸಿಕ್ಕಿಸಿಕೊಂಡು ಗಾರೆ ಹೊರುತ್ತಿದ್ದಳು. ಅದರೊಳಗೆ ಲೋಕಲ್ ಹಾಯುವ ಸದ್ದು, ಯಾವುದೋ ಕೂಸಿನ ಅಳು, ಜನರ ಆಮೆನ್ ಎಲ್ಲವೂ ಇರುತ್ತಿತ್ತು. ಬುಟ್ಟಿ ತಲೆಯ ಮೇಲಿದ್ದಂತೆಯೇ ಇವಳೂ ಆಮೆನ್ ಎಂದು ಕೂಗಿದರೆ ಮುಕಾದಮ ಬೆಚ್ಚಿಬೀಳುತ್ತಿದ್ದನಂತೆ. ಆ ದಿನಗಳಲ್ಲಿ ಅವಳ ಮುಖದಲ್ಲಿದ್ದ ಕಳೆ ನಾನು ಮತ್ತೆ ಕಂಡಿಲ್ಲ.

ನಾನು ಮದುವೆಯಾಗಿ ಅಂಬರನಾಥಕ್ಕೆ ಹೋದೆ. ಆಮೇಲಿನದು ಅಮ್ಮ ಹೇಳಿ ಗೊತ್ತಾದದ್ದು. ರಜೆ ಸಿಗದವರಿಗೆಂದು ಮಾಡಿದ ಕಾರ್ಡು ರಜೆ ಸಿಕ್ಕವರ ಕೈಗೂ ಹೋಯಿತು. ರವಿವಾರ ಬಟ್ಟೆ ಒಗೆಯಬೇಕು, ನಿದ್ದೆ ಮಾಡಬೇಕು, ಕಲ್ಯಾಣದ ಸಂತೆಗೆ ಹೋಗಬೇಕು. ಯಾಕೆ ಬರಲಿಲ್ಲ ಎಂದು ಕೇಳಿದರೆ, "ಫೋನಿನಾಗ ಬರ್ತದಲ್ರೀ ಅಯ್ಯನೋರೆ, ಸೋಮಾರ ಕೇಳ್ತೀವಿ" ಅನ್ನುತ್ತಿದ್ದರಂತೆ. ಯಾರೂ ಕೆಟ್ಟವರಲ್ಲ, ದಣಿದವರು. ಆ ಟಾವರಿನ ಕೆಲಸ ಮುಗಿದು ರವಿವಾರ ಬಿಡುವು ಸಿಕ್ಕಾಗ ಅಮ್ಮ ಕೂಡ ಹೋಗಲಿಲ್ಲ. ಮನೆಯಲ್ಲೇ ಫೋನು ಹಚ್ಚಿಟ್ಟು ಅಕ್ಕಿ ಆರಿಸುತ್ತ ಕೂತಳು. ಖೋಲಿಯಲ್ಲಿ ಚಾಪೆಗಳು ಒಂದೊಂದಾಗಿ ಸುತ್ತಿಟ್ಟಲ್ಲೇ ಉಳಿದವು.

ಕಾರ್ಡ್ ಕೊಡುವುದು ನಿಲ್ಲಿಸಿದರೆ ಮಂದಿ ಬರುತ್ತಿದ್ದರೇನೋ. ಆದರೆ ಸ್ಲ್ಯಾಬಿನ ಮೇಲಿರುವವರ ಗತಿಯೇನು ಎಂದು ಅಯ್ಯನವರು ನಿಲ್ಲಿಸಲಿಲ್ಲ. ಬಾಲವಾಡಿಯವರು ಖಾಲಿ ಖೋಲಿ ನೋಡಿ ನೋಡಿ ಕೊನೆಗೆ ಟ್ಯೂಷನ್ ಕ್ಲಾಸಿಗೆ ಕೊಟ್ಟರು. ಅಯ್ಯನವರು ಊರಿಗೆ ಹೊರಟರು. ಹೋಗುವ ಮುಂಚೆ ನಾಕಾಕ್ಕೆ ಬಂದು ಅಮ್ಮನ ಕೈಗೆ ಕೊನೆಯ ಕಾರ್ಡ್ ಕೊಟ್ಟು, "ಪುರಸೊತ್ತಾದಾಗ ಕೇಳವ್ವಾ" ಎಂದರಂತೆ. ಅದೇ ಹೊತ್ತಿಗೆ ಫೋನು ಕೆಟ್ಟಿತು. ರಿಪೇರಿ ಮಾಡಿಸಬೇಕು, ಮಾಡಿಸಬೇಕು ಅನ್ನುತ್ತ... ಒಂದು ದಿನ ಅಯ್ಯನವರು ತೀರಿಕೊಂಡ ಸುದ್ದಿ ಬಂತು. ಅದೂ ಮೊಬೈಲಿನಲ್ಲೇ, ಹೂಹಾರ ಹಾಕಿದ ಫೋಟೊ ಆಗಿ.

ಮೊನ್ನೆ ಸಂಜೆ ಹಳೆಯ ಫೋನಿನೊಳಗಿದ್ದ ಆ ಕೊನೆಯ ಕಾರ್ಡನ್ನು ತೆಗೆದು ನನ್ನ ಫೋನಿಗೆ ಹಾಕಿ ಹಚ್ಚಿದೆ. ಅಮ್ಮ ಅಡುಗೆಮನೆಯಲ್ಲಿ ಅಕ್ಕಿ ತೊಳೆಯುತ್ತಿದ್ದಳು. ರೆಕಾರ್ಡಿನಲ್ಲಿ ಫ್ಯಾನಿನ ಕಿರುಗುಟ್ಟುವ ಸದ್ದು, ಅಯ್ಯನವರ ಒಂಟಿ ಹಾಡು. ಕೂಸು ಅಳುತ್ತಿಲ್ಲ, ಯಾರೂ ಕೆಮ್ಮುತ್ತಿಲ್ಲ. ಖಾಲಿ ಖೋಲಿಯಲ್ಲಿ ಅವರು ಇಡೀ ವಾಕ್ಯ ಹೇಳಿದ್ದರು, ತುಂಬಿದ ಸಭೆಗೆ ಹೇಳುವಂತೆಯೇ. ಲೋಕಲ್ ಬಂದಾಗ ಸುಮ್ಮನಾಗಿ ಕಾದಿದ್ದರು.

ಕೊನೆಗೆ ಪ್ರಾರ್ಥನೆ. "ಎಲ್ಲಾರೂ ಆಮೆನ್ ಅನ್ರಿ."

ಫ್ಯಾನು ತಿರುಗುತ್ತಿತ್ತು. ಅವರು ಕಾದರು, ಇನ್ನೂ ಕಾದರು. ಆಮೇಲೆ ಮೆಲ್ಲಗೆ ಒಂದು ಮಾತು: "ಇರ್ಲಿ."

ಅಮ್ಮ ಒದ್ದೆ ಕೈಯಲ್ಲೇ ಬಂದು ಬಾಗಿಲಲ್ಲಿ ನಿಂತಿದ್ದಳು. "ಅಯ್ಯೋ ಯಪ್ಪಾ, ನಾನೇ ಬೇಡಿ ಈ ಕಾರ್ಡ್ ಮಾಡಿಸಿದ್ನಲ್ಲೋ..." ಎಂದು ಅತ್ತಳು. ಆಮೇಲೆ ಕಣ್ಣೊರೆಸಿಕೊಂಡು, "ಆ ಕಡೀದು ಇನ್ನೊಮ್ಮಿ ಹಚ್ಚು" ಅಂದಳು.

ಹಚ್ಚಿದೆ. ಅವಳು ತಲೆಗೆ ಸೆರಗು ಹೊದ್ದು, ನೆಟ್ಟಗೆ ನಿಂತು, ಅಯ್ಯನವರು ಕಾಯುವ ಆ ಜಾಗ ಬಂದಾಗ ಪಕ್ಕದ ಮನೆಗೂ ಕೇಳುವಂತೆ ಆಮೆನ್ ಎಂದಳು. ಉಪ್ಪು ಹಾಕಿದ ಆಮೆನ್.

ಫೋನು ಅಂದಿತು: "ಇರ್ಲಿ."