ಮೂಸತ್ತೆಯ ಉಬ್ಬಿದ ಚೀಸ್

ಮದುವೆಗೆ ಮುಂಚೆ ಈ ಮನೆ ನೋಡಲು ಬಂದ ದಿನ ನನ್ನ ಕಣ್ಣಿಗೆ ಮೊದಲು ಬಿದ್ದದ್ದು ಗಂಡನಾಗುವವನಲ್ಲ, ಅವನ ಸೋದರತ್ತೆ. ಕೊಟ್ಟಿಗೆಯ ಬಾಗಿಲಲ್ಲಿ ಕುಕ್ಕರಗಾಲಿನಲ್ಲಿ ಕೂತು, ಆಗಷ್ಟೇ ಬಿದ್ದ ಸಗಣಿಯನ್ನು ಹೆಬ್ಬೆರಳಲ್ಲಿ ಬಿಡಿಸಿ ಮೂಗಿನ ಹತ್ತಿರ ಹಿಡಿದಿದ್ದರು. ನನ್ನನ್ನು ಕಂಡು ಎದ್ದು, ಕೈಯನ್ನು ಬಟ್ಟೆಗೆ ಒರೆಸಿಕೊಂಡು, ಅದೇ ಕೈಯಲ್ಲಿ ನನ್ನ ಗದ್ದ ಹಿಡಿದು, "ಹುಡುಗಿ ಲಕ್ಷಣವಾಗಿದ್ದಾಳೆ" ಅಂದರು. ನಾನು ಉಸಿರು ಬಿಗಿಹಿಡಿದು ನಕ್ಕೆ. ಊರಿಗೆ ಮರಳಿದ ಮೇಲೆ ಗದ್ದವನ್ನು ಎಷ್ಟು ತಿಕ್ಕಿದೆನೆಂದರೆ ಅಮ್ಮ ಏನಾಯಿತೆಂದು ಕೇಳಿದಳು.

ಮನೆಯವರೆಲ್ಲ ಅವರನ್ನು ಕರೆಯುವುದು ಮೂಸತ್ತೆ ಎಂದೇ. ಅವರಿಗೆ ಬೇಸರವಿಲ್ಲ. ಮೇವು, ಸಗಣಿ, ಹಸುವಿನ ಉಸಿರು, ಹಾಲು, ಎಲ್ಲವನ್ನೂ ಮೂಸುತ್ತಾರೆ. ಮೂಸಿದ್ದು ಸಾಲದಿದ್ದರೆ ಬಾಯಿಗೆ ಹಾಕುತ್ತಾರೆ. ಮೇವನ್ನು ಚಿಟಿಕೆಯಷ್ಟು ಅಗಿದು, ರಸ ನುಂಗಿ, ನಾರನ್ನು ಥೂ ಎಂದು ಉಗಿಯುತ್ತಾರೆ. ನನ್ನ ಮಗಳೂ ಕೈಗೆ ಸಿಕ್ಕಿದ್ದನ್ನೆಲ್ಲ ಬಾಯಿಗೆ ತುರುಕುವ ವಯಸ್ಸಿನವಳು. ಕಳೆದ ಕೆಲವು ತಿಂಗಳಿಂದ ಈ ಇಬ್ಬರ ತುಟಿಯ ಮೇಲಿನ ಹುಲ್ಲುಕಡ್ಡಿ ತೆಗೆಯುವುದೇ ನನಗೊಂದು ಕೆಲಸ.

ಆದರೆ ಇದೇ ಹೆಂಗಸು ಚೀಸ್ ಕೋಣೆಯ ಹೊಸ್ತಿಲು ದಾಟುವಾಗ ಬೇರೆಯೇ ಆಗಿಬಿಡುತ್ತಾರೆ. ಮೊಣಕೈವರೆಗೆ ಬ್ರಶ್ಶಿನಿಂದ ಉಜ್ಜಿಕೊಂಡು, ತಲೆಗೆ ಬಿಳಿ ಬಟ್ಟೆ ಬಿಗಿದು, ಬೇರೆ ಚಪ್ಪಲಿ ಮೆಟ್ಟಿ ಒಳಗೆ ಹೋಗುತ್ತಾರೆ. ಗಂಡನ ಮನೆ ಬಿಟ್ಟು ಬಂದಾಗ ಅವರ ಅಣ್ಣ, ಅಂದರೆ ತೀರಿಹೋದ ನನ್ನ ಮಾವ, ಕೊಟ್ಟಿಗೆಯ ಪಕ್ಕದಲ್ಲಿ ಕಟ್ಟಿಸಿಕೊಟ್ಟ ಕೋಣೆ ಅದು. ಈ ಮನೆಯಲ್ಲಿ ಅವರದು ಎನ್ನುವುದು ಅದೊಂದೇ. ಒಂದು ಸ್ಟೀಲಿನ ಕಡಾಯಿ, ಒಂದು ಒತ್ತುಯಂತ್ರ, ಅದರಾಚೆ ತಂಪು ಕೋಣೆಯಲ್ಲಿ ಮರದ ಹಲಗೆಗಳ ಮೇಲೆ ಸಾಲಾಗಿ ಮಾಗುವ ಚೀಸಿನ ದೊಡ್ಡ ಬಿಲ್ಲೆಗಳು. ಹಸಿಹುಲ್ಲು ಮೇದ ಕಾಲದ ಬಿಲ್ಲೆ ಯಾವುದು, ಒಣಹುಲ್ಲಿನ ಕಾಲದ್ದು ಯಾವುದು ಎಂದು ನಾನೂ ಈಗ ಬಣ್ಣ ನೋಡಿಯೇ ಹೇಳಬಲ್ಲೆ. ಮೊದಲಿನದು ಬೆಣ್ಣೆಹಳದಿ, ಎರಡನೆಯದು ಬಿಳಿಚಿಕೊಂಡಿರುತ್ತದೆ.

ಹಸುಗಳು ಮಾತ್ರ ಅವರವಲ್ಲ. ಕೊಟ್ಟಿಗೆ ನನ್ನ ಭಾವನದು, ಅಂದರೆ ಗಂಡನ ಅಣ್ಣನದು. ಮೂಸತ್ತೆಗೆ ಬೇಕಾದಷ್ಟು ಹಾಲು ಕೊಟ್ಟು ಉಳಿದದ್ದನ್ನು ಅವರು ಡೇರಿಯ ವ್ಯಾನಿಗೆ ಹಾಕುತ್ತಾರೆ.

ಕಳೆದ ಚಳಿಗಾಲದಲ್ಲಿ ಮೂಸತ್ತೆ ಚೀಸ್ ಕೋಣೆಯ ಒದ್ದೆ ನೆಲದಲ್ಲಿ ಜಾರಿ ಕಾಲು ಮುರಿದುಕೊಂಡರು. ಪ್ಲಾಸ್ಟರ್ ಹಾಕಿಸಿ ಅಡುಗೆಮನೆಯ ಪಕ್ಕದ ಮಂಚದಲ್ಲಿ ಮಲಗಿಸಿದೆವು. ಚೀಸ್ ಕೆಲಸ ನನ್ನ ಮತ್ತು ಓರಗಿತ್ತಿಯ ಪಾಲಿಗೆ ಬಂತು. ಭಾವನ ಹೆಂಡತಿಯನ್ನು ನಾನು ಅಕ್ಕ ಅನ್ನುತ್ತೇನೆ. ಅತ್ತೆ ಮಂಚದಿಂದಲೇ ಕೂಗಿ ಕೂಗಿ ಮಾಡಿಸಿದರು. ಒಂದು ಷರತ್ತು ಮಾತ್ರ ಹಾಕಿದ್ದರು: ದಿನಾ ಬೆಳಗ್ಗೆ ಹಸುವಿಗೆ ಹಾಕುವ ಮೇವನ್ನು ಒಂದು ಬಟ್ಟಲಲ್ಲಿ ತಮಗೆ ತಂದು ತೋರಿಸಬೇಕು.

ಆಗ ಹಾಕುತ್ತಿದ್ದದ್ದು ರಸಮೇವು. ಜೋಳದ ಹಸಿ ದಂಟನ್ನು ಕತ್ತರಿಸಿ, ಗುಂಡಿಗೆ ತುಂಬಿ, ತುಳಿದು, ಗಾಳಿಯಾಡದಂತೆ ಪ್ಲಾಸ್ಟಿಕ್ ಹೊದಿಸಿ ಮೇಲೆ ಹಳೆ ಟಯರುಗಳನ್ನು ಹೇರುತ್ತಾರೆ. ಚೆನ್ನಾಗಿ ಬಂದರೆ ಹುಳಿ ಹಣ್ಣಿನ ವಾಸನೆ. ಭಾವ ಪ್ರತಿದಿನ ಬಟ್ಟಲು ತಂದು ಹಿಡಿಯುತ್ತಿದ್ದರು. ಅತ್ತೆ ಮೂಸಿ, ಅಗಿದು, ನಾನು ಒಡ್ಡಿದ ಬೋಗುಣಿಗೆ ಉಗಿದು, "ಸರಿಯಾಗಿದೆ ಕಣೋ, ಹಾಕು" ಅನ್ನುತ್ತಿದ್ದರು. ಆ ಬೋಗುಣಿ ತೊಳೆಯುವಾಗ ನಾನು ಬೇರೆಡೆ ನೋಡುತ್ತಿದ್ದೆ.

ಪ್ಲಾಸ್ಟರ್ ಬಿಚ್ಚಿದ ದಿನವೇ ಅವರು ಕೋಲೂರಿಕೊಂಡು ತಂಪು ಕೋಣೆಗೆ ಹೋದರು. ನಾನು ಹಿಂದೆಯೇ ಇದ್ದೆ. ಬಾಗಿಲಲ್ಲೇ ನಿಂತುಬಿಟ್ಟರು.

"ಇವಕ್ಕೆ ಯಾವಾಗಿಂದ ಹೊಟ್ಟೆ ಬಂತೇ?"

ಚಪ್ಪಟೆಯಾಗಿರಬೇಕಾದ ಬಿಲ್ಲೆಗಳು ಸ್ವಲ್ಪ ಉಬ್ಬಿದ್ದವು. ಮಾಗುವಾಗ ಹಾಗೆಯೇ ಆಗುತ್ತದೇನೋ ಎಂದು ನಾನೂ ಅಕ್ಕನೂ ಅಂದುಕೊಂಡಿದ್ದೆವು. ಅತ್ತೆ ಒಂದನ್ನು ಬೆರಳಲ್ಲಿ ತಟ್ಟಿದರು. ಟೊಳ್ಳು ಸದ್ದು. ಚಾಕು ಇಳಿಸಿದಾಗ ಒಳಗೆಲ್ಲ ಬಿರುಕು, ಕಂಡಕಂಡಲ್ಲಿ ತೂತು. ಆಮೇಲೆ ವಾಸನೆ ಬಂತು. ಮಗು ಕಕ್ಕಿದ ಹಾಲು ಹಾಸಿಗೆಯ ಸಂದಿಯಲ್ಲಿ ಸೇರಿಕೊಂಡು, ಯಾರಿಗೂ ಗೊತ್ತಾಗದೆ ಹಳಸಿ, ಒಂದು ದಿನ ಹಾಸಿಗೆ ಎತ್ತಿದಾಗ ಮುಖಕ್ಕೆ ಬಡಿಯುತ್ತದಲ್ಲ, ಅದೇ. ಅದರ ಜತೆಗೆ ಒದ್ದೆ ಕಾಲುಚೀಲ. ನಾನು ಮೂಗು ಮುಚ್ಚಿಕೊಂಡು ಹೊರಗೆ ಬಂದೆ. ಅತ್ತೆ ಒಂದು ಚೂರು ಬಾಯಿಗೆ ಹಾಕಿಕೊಂಡಿದ್ದರು. ನನಗೆ ಓಕರಿಕೆ ಬಂದದ್ದು ಅದನ್ನು ನೋಡಿ.

"ನಿಮ್ಮ ಕೈ ತಪ್ಪಲ್ಲ" ಎಂದು ಉಗಿದು ಹೇಳಿದರು. "ಇದು ಮೇವು. ನಡಿ ಗುಂಡಿಗೆ."

ಗುಂಡಿಯ ಮುಂಭಾಗದಲ್ಲಿ ಎಲ್ಲ ಚೆನ್ನಾಗಿತ್ತು, ಹಣ್ಣಿನ ವಾಸನೆ ಘಮ್ಮೆನ್ನುತ್ತಿತ್ತು. ಭಾವ ಕೊಟ್ಟಿಗೆಯಿಂದ ಓಡಿ ಬಂದರು.

"ಅತ್ತೆ, ಆ ಕಡೆ ಹೋಗ್ಬೇಡಿ, ಕಾಲು ಜಾರುತ್ತೆ."

"ಇನ್ನೊಂದು ಕಾಲಿದೆ" ಎಂದು ಅತ್ತೆ ಹಿಂಭಾಗಕ್ಕೆ ಹೋದರು.

ಅಲ್ಲಿ ಟಯರುಗಳೇ ಇರಲಿಲ್ಲ. ಕರುಗಳಿಗೆ ಬೇಲಿ ಮಾಡಲು ಭಾವ ತೆಗೆದಿದ್ದರು. ಪ್ಲಾಸ್ಟಿಕ್ ಗಾಳಿಗೆ ಎದ್ದು ಹರಿದು ನೀರು ಇಳಿದಿತ್ತು. ಅತ್ತೆ ಕೋಲಿನಿಂದ ಹೊದಿಕೆ ಸರಿಸಿದರು. ಕೆಳಗೆ ಮೇವಿರಲಿಲ್ಲ, ಕಪ್ಪು ಲೋಳೆ ಇತ್ತು. ಅದರ ಮೇಲೆ ಬಿಳಿ ಬೂಷ್ಟು, ಬೂಷ್ಟಿನ ನಡುವೆ ಅರ್ಧ ಕರಗಿದ ಒಂದು ಇಲಿ, ಹಲ್ಲು ಮಾತ್ರ ಸ್ವಚ್ಛವಾಗಿ. ಪಕ್ಕದಲ್ಲಿ ಕಾಕಂಬಿಯ ಡ್ರಮ್ಮುಗಳು. ಸಕ್ಕರೆ ಮಾಡಿ ಉಳಿದ ಆ ಕಪ್ಪು ಪಾಕಕ್ಕೆ ನೊಣ ಮುತ್ತಿತ್ತು.

"ಕಾಕಂಬಿ ಯಾಕೋ?"

"ಹಸುಗಳು ಬಾಯಿ ಹಾಕ್ತಿರ್ಲಿಲ್ಲ. ಸಿಹಿ ಬೆರೆಸಿದ್ಮೇಲೆ ತಿಂದ್ವು."

"ನಂಗೆ ಬಟ್ಟಲಲ್ಲಿ ತಂದಿದ್ದು?"

ಭಾವ ಗುಂಡಿಯ ಮುಂಭಾಗದತ್ತ ನೋಡಿದರು. ಹಸುವಿಗೂ ಅಸಹ್ಯವಾದದ್ದಕ್ಕೆ ಸಿಹಿ ಸುರಿದು ತಿನ್ನಿಸಿ, ಮಂಚದಲ್ಲಿ ಬಿದ್ದ ಅತ್ತೆಯ ಮೂಗಿಗೆ ಬೇರೆ ಮೇವು ತಂದು ಹಿಡಿದಿದ್ದರು. ಆ ಲೋಳೆಗಿಂತ ನನಗೆ ಇದು ಹೆಚ್ಚು ಹೇಸಿಗೆಯೆನಿಸಿತು.

"ಹಾಲಿಗೇನಾಗಿದೆ ಈಗ?" ಭಾವನಿಗೆ ಆಮೇಲೆ ಧೈರ್ಯ ಬಂತು. "ವ್ಯಾನಿನವರು ಒಂದು ದಿನಾನೂ ಬೇಡ ಅಂದಿಲ್ಲ. ಇವಳ ಮಗೂನೂ ಅದನ್ನೇ ಕುಡಿದಿದ್ದು, ಗುಂಡುಗುಂಡಗಿದೆ."

ನಾನು ಮನೆಯ ಕಡೆ ತಿರುಗಿ ನೋಡಿದೆ. ಅತ್ತೆ ಮೊದಲು ನನ್ನ ಕಡೆ ತಿರುಗಿದರು. "ಮಗೂಗೆ ಏನೂ ಆಗಲ್ಲ ಕಣೇ, ಹೆದರ್ಬೇಡ." ಕೊಳೆತ ಮೇವಿನಲ್ಲಿರುವ, ಕಣ್ಣಿಗೆ ಕಾಣದ ಸೂಕ್ಷ್ಮಾಣುಗಳ ಬೀಜಗಳು ಹಸುವಿನ ಸಗಣಿಗೆ ಬರುತ್ತವಂತೆ, ಸಗಣಿಯಿಂದ ಕೆಚ್ಚಲಿಗೆ, ಕೆಚ್ಚಲಿಂದ ಹಾಲಿಗೆ. ಕುದಿಸಿದರೂ ಸಾಯುವುದಿಲ್ಲ, ಕುಡಿದವರಿಗೆ ತೊಂದರೆಯನ್ನೂ ಕೊಡುವುದಿಲ್ಲ. ಚೀಸಿನೊಳಗೆ ಮಾತ್ರ ವಾರಗಟ್ಟಲೆ ಸುಮ್ಮನೆ ಕೂತು ಆಮೇಲೆ ಉಬ್ಬಿಸುತ್ತವೆ. ಎಲ್ಲ ಅರ್ಥವಾಯಿತು. ಆದರೂ ಅಂದು ಮಗಳ ಹಾಲಿನ ಲೋಟವನ್ನು ಮೂಸದೆ ಕೊಡಲಾಗಲಿಲ್ಲ.

"ಬಿಲ್ಲೆ ಬಿಸಾಕೋದೇನೂ ಬೇಡ" ಎಂದರು ಭಾವ. "ಕರಗಿಸಿ ಕಾಳುಮೆಣಸು ಹಾಕಿ ಡಬ್ಬಿಗೆ ತುಂಬಿ. ಯಾರಿಗೂ ಗೊತ್ತಾಗಲ್ಲ. ಗುಂಡೀಲಿ ಇರೋ ಮೇವು ಮುಗೀಲೇಬೇಕು. ಬೇಡ ಅಂದ್ರೆ ಬಿಡಿ, ಹಾಲೆಲ್ಲ ವ್ಯಾನಿಗೇ ಹಾಕ್ತೀನಿ."

ಹಾಲು ನಿಂತರೆ ಕೋಣೆಗೆ ಬೀಗ. ಅದು ಇಬ್ಬರಿಗೂ ಗೊತ್ತಿತ್ತು. ಅತ್ತೆ ಜಗಳವಾಡಲಿಲ್ಲ. ಅಂದು ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತಾಗ ಕತ್ತರಿಸಿದ ಆ ಬಿಲ್ಲೆಯನ್ನು ದೊಡ್ಡ ತಟ್ಟೆಯಲ್ಲಿಟ್ಟು ತಂದು ಮೇಜಿನ ನಡುವೆ ಇಟ್ಟರು.

"ಏನತ್ತೆ ಇದು?" ಎಂದರು ಭಾವ.

"ಊಟ ಮಾಡೋ. ಹಸುಗಳು ಚಳಿಗಾಲ ಪೂರ್ತಿ ಇದರ ಅಪ್ಪನಂಥ ಕೊಳೆತ ಮೇವಿನ ಮುಂದೆ ಕೂತು ಉಂಡಿಲ್ವಾ? ಸಿಹಿ ಬೇಕಿದ್ರೆ ಹೇಳು, ಕಾಕಂಬಿ ತರ್ತೀನಿ."

ರಾತ್ರಿಯ ಊಟಕ್ಕೂ ಅದೇ, ಮರುದಿನದ ತಿಂಡಿಗೂ ಅದೇ. ಬಿಲ್ಲೆ ಬೆವರತೊಡಗಿತು. ಬ್ರೆಡ್ಡು ಬಾಯಿಗಿಟ್ಟರೆ ಅದರ ರುಚಿ, ನೀರಿಗೂ ಅದರ ರುಚಿ. ನನ್ನ ಗಂಡ, "ಅತಿಥಿಗಳು ಇನ್ನೂ ಎಷ್ಟು ದಿನ ಇರ್ತಾರೆ?" ಎಂದು ಬಿಲ್ಲೆಯತ್ತ ಕೈ ತೋರಿಸಿ ಕೇಳಿ, ತನ್ನ ತಟ್ಟೆ ಎತ್ತಿಕೊಂಡು ಮೆಟ್ಟಿಲಿಗೆ ಹೋದ. ನಾನು ಕೂತಲ್ಲೇ ಕೂತೆ. ತೊಡೆಯ ಮೇಲಿದ್ದ ಮಗಳು ಎಂದಿನಂತೆ ಕೈ ಚಾಚಿ, ಬಿಲ್ಲೆಯ ಅಂಚು ಮುಟ್ಟಿ, ಬೆರಳನ್ನು ಬಾಯಿಗೆ ಒಯ್ದಳು. ನಾನು ಕೈ ಹಿಡಿಯುವ ಮೊದಲೇ ಅವಳ ಮುಖ ಹಿಂಡಿದ ಬಟ್ಟೆಯಂತಾಯಿತು. ಬಾಯಿ ಬಿಗಿಮುಚ್ಚಿ ನನ್ನ ಎದೆಗೆ ತಿರುಗಿಕೊಂಡಳು.

"ನೋಡ್ದೇನೋ, ಹಲ್ಲು ಬರದವಳಿಗೂ ಮೂಗಿದೆ" ಎಂದರು ಅತ್ತೆ. "ನಮ್ಮ ವಂಶದಲ್ಲಿ ನಿನಗೊಬ್ಬನಿಗೇ ಮರೆತುಹೋಗಿದೆ."

ಅಷ್ಟರಲ್ಲಿ ಅಕ್ಕ ಬಾಯಿಗೆ ಕೈ ಅಡ್ಡ ಹಿಡಿದು ಬಚ್ಚಲಿಗೆ ಓಡಿದಳು. ಬಂದವಳು ಗಂಡನ ಮುಂದಿದ್ದ ತಟ್ಟೆ ಎತ್ತಿಬಿಟ್ಟಳು.

"ಗುಂಡಿ ಖಾಲಿಯಾಗೋವರೆಗೂ ಈ ಮನೇಲಿ ನಾನು ಒಲೆ ಹಚ್ಚಲ್ಲ. ಬೇಕಿದ್ರೆ ಕೊಟ್ಟಿಗೇಲಿ ಬಡಿಸ್ತೀನಿ, ಹೋಗಿ ಕೂತ್ಕೊಳ್ಳಿ."

ಭಾವ ಅಂದೇ ಸಲಿಕೆ ಹಿಡಿದರು. ಲೋಳೆಯ ಪದರ ಬಿಡಿಸುವಾಗ ಎದ್ದ ದುರ್ವಾಸನೆಗೆ ಅವರೇ ಬೇಲಿಗೆ ಒರಗಿ ವಾಂತಿ ಮಾಡಿಕೊಂಡರು. ನನಗೆ ಪಾಪ ಅನಿಸಲಿಲ್ಲ, ಇವತ್ತಿಗೂ ಅನಿಸುತ್ತಿಲ್ಲ. ಉಬ್ಬಿದ ಬಿಲ್ಲೆಗಳನ್ನೆಲ್ಲ ನಾವು ಹೊತ್ತು ತಂದು ಅದೇ ಖಾಲಿ ಗುಂಡಿಗೆ ಹಾಕಿ ಮಣ್ಣು ಮುಚ್ಚಿದೆವು. ಒಂದೊಂದನ್ನು ಕೈಬಿಡುವಾಗಲೂ ಅತ್ತೆ ಅಂಗೈಯಲ್ಲಿ ಅದರ ಬೆನ್ನು ಸವರುತ್ತಿದ್ದರು. ಹಲಗೆಗಳನ್ನು ಕುದಿಯುವ ನೀರಲ್ಲಿ ಉಜ್ಜಿ ಬಿಸಿಲಿಗೆ ಒಣಹಾಕಿದೆವು.

ಹಸುಗಳು ಈಗ ಒಣಹುಲ್ಲು ತಿನ್ನುತ್ತಿವೆ. ಹಾಲು ಕಡಿಮೆಯಾಗಿದೆ, ಭಾವ ಮುಖ ಊದಿಸಿಕೊಂಡು ಓಡಾಡುತ್ತಾರೆ. ಅತ್ತೆ ನಿನ್ನೆವರೆಗೆ ಕಡಾಯಿ ಮುಟ್ಟಿರಲಿಲ್ಲ, ಕೊಳೆತ ಮೇವಿನ ವಾಸನೆ ಹೋಯಿತೇ ಎಂದು ದಿನವೂ ಸಗಣಿ ನೋಡುತ್ತಿದ್ದರು. ನಿನ್ನೆ ಸಂಜೆ, "ನಾಳೆ ಹಾಲು ಕಾಯಿಸೋಣ" ಅಂದರು. ಆ ಹಾಲಿನ ಚೀಸ್ ಉಬ್ಬುತ್ತದೋ ಇಲ್ಲವೋ ಎಂದು ತಿಳಿಯಲು ಇನ್ನು ಎಷ್ಟೋ ವಾರ ಕಾಯಬೇಕು.

ಇವತ್ತು ಬೆಳಗ್ಗೆ ಹಾಲಿನ ಕ್ಯಾನಿನ ಜತೆ ಭಾವ ಒಂದು ಬಟ್ಟಲಲ್ಲಿ ಹುಲ್ಲು ತಂದು ಅತ್ತೆಯ ಮುಂದೆ ಹಿಡಿದರು. ಅತ್ತೆ ಬಟ್ಟಲಿನ ಕಡೆ ನೋಡಲೇ ಇಲ್ಲ. ಕೋಲೂರಿಕೊಂಡು ಕೊಟ್ಟಿಗೆಗೆ ಹೋಗಿ, ಮೆಲ್ಲುತ್ತಿದ್ದ ಹಸುವಿನ ಬಾಯಿಗೇ ಕೈ ಹಾಕಿ, ಜೊಲ್ಲು ಸುರಿಯುವ ಒಂದು ಹಿಡಿ ಹುಲ್ಲು ಎಳೆದು ತೆಗೆದು ಮೂಸಿದರು. ಆಮೇಲೆ ಅಗಿದರು. ನಾನು ಕಣ್ಣು ಮುಚ್ಚಿಕೊಂಡೆ.

"ಸರಿಯಾಗಿದೆ" ಎಂದು ಉಗಿದು, ಜೊಲ್ಲಿನ ಕೈಯನ್ನು ಹಾಗೇ ಮಗಳತ್ತ ಚಾಚಿದರು. "ಬಾರೇ ಪುಟ್ಟಿ, ಚೀಸ್ ಮಾಡೋಣ."

ನನ್ನ ಕಂಕುಳಲ್ಲಿದ್ದ ಮಗಳು ಕುಣಿದು ಕೈ ಚಾಚಿದಳು. ನಾನು ಒಂದು ಹೆಜ್ಜೆ ಹಿಂದೆ ಸರಿದು, ನಲ್ಲಿಯ ಪಕ್ಕದ ಸೋಪನ್ನು ಅತ್ತೆಯ ಅಂಗೈಯಲ್ಲಿಟ್ಟೆ.