ಒಂದು ಮೊರ ತೌಡಿನ ಕೂಸು

ಜಗಳೂರಿನ ನನ್ನ ಶೇಂಗಾ ಮಂಡಿಗೆ ಬಂದ ರೈತರು ಮೊದಲು ವಿಚಾರಿಸುತ್ತಿದ್ದುದು ದರವನ್ನಲ್ಲ, ಬೊಮ್ಮಕ್ಕ ಕೆಲಸಕ್ಕೆ ಬಂದಿದ್ದಾಳೋ ಇಲ್ಲವೋ ಎಂಬುದನ್ನು. ಬಂದಿದ್ದಾಳೆ ಎಂದರೆ ಕೆಲವರು ಗಾಡಿಯಿಂದ ಚೀಲ ಇಳಿಸಲು ಹಿಂದೆಮುಂದೆ ನೋಡುತ್ತಿದ್ದರು. ಆಕೆ ಕಾಯಿ ಹಸನು ಮಾಡಲು ಕೂತರೆ, ಚೀಲದ ತಳದಲ್ಲಿ ಅಡಗಿ ಕೂತಿದ್ದ ಮಣ್ಣಿನ ಹೆಂಟೆ, ಜೊಳ್ಳು, ಕಲ್ಲು ಎಲ್ಲ ಮೊರದ ತುದಿಗೆ ಬಂದು ನಿಲ್ಲುತ್ತಿದ್ದವು. ಅವನ್ನು ರೈತನ ಕಾಲ ಬುಡದಲ್ಲೇ ಸುರಿದು, "ನಿಮ್ಮ ಹೊಲಾನೂ ಸಂತೆಗೆ ಬಂದೈತೆ ನೋಡ್ರಿ, ವಾಪಸ್ ಕರ್ಕಂಡು ಹೋಗ್ರಿ" ಎನ್ನುತ್ತಿದ್ದಳು.

ನನಗೂ ರಿಯಾಯಿತಿ ಇರಲಿಲ್ಲ. ಕೂಲಿಯ ಮಾತು ಬಂದಾಗ ಆಕೆ ಒಂದು ಸಲ ಹೇಳಿದರೆ ಮುಗಿಯಿತು. ನಾನು ಚೌಕಾಸಿಗೆ ಇಳಿದರೆ ಮೊರವನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಎದ್ದು, ಎದುರಿನ ಮಂಡಿಯ ಕಡೆ ನೋಡುತ್ತಾ ನಿಲ್ಲುತ್ತಿದ್ದಳು. ಹೋಗುತ್ತಿರಲಿಲ್ಲ, ನೋಡುತ್ತಿದ್ದಳು ಅಷ್ಟೆ. ಆ ನೋಟವೇ ನನಗೆ ದುಬಾರಿಯಾಗುತ್ತಿತ್ತು.

ಬೊಮ್ಮಕ್ಕನ ತವರು ಬಿಳಿಚೋಡು. ಗಂಡ ಹನುಮಣ್ಣ ಕುರಿ ಕಾಯುವವನು. ಬೇಸಿಗೆ ಬಂತೆಂದರೆ ಹಿಂಡು ಹೊಡೆದುಕೊಂಡು ಹೊನ್ನಾಳಿ, ಚನ್ನಗಿರಿ ಕಡೆಯ ಗದ್ದೆಬಯಲಿಗೆ ಹೋದವನು ಮಳೆ ಬಿದ್ದ ಮೇಲೆಯೇ ಮುಖ ತೋರಿಸುತ್ತಿದ್ದ. ಅವನು ಮನೆಯಲ್ಲಿದ್ದರೂ ಮಾತು ನಡೆಯುತ್ತಿದ್ದುದು ಬೊಮ್ಮಕ್ಕನದೇ. ಹನುಮಣ್ಣನಿಗೆ ಅದರಿಂದ ಬೇಸರವಿರಲಿಲ್ಲ. ಕುರಿಗಳೂ ತನ್ನ ಮಾತು ಕೇಳುವುದಿಲ್ಲ, ನಾಯಿಯ ಮಾತು ಕೇಳುತ್ತವೆ ಎಂದು ಅವನೇ ನನ್ನ ಹತ್ತಿರ ಹೇಳಿಕೊಂಡಿದ್ದ.

ಅವರಿಗೆ ಹುಟ್ಟಿದ ಮೊದಲ ಎರಡು ಮಕ್ಕಳು ವರ್ಷ ತುಂಬುವ ಮೊದಲೇ ತೀರಿಕೊಂಡವು. ಮೂರನೆಯದು ಹೆಣ್ಣು. ಅದು ಹುಟ್ಟಿದಾಗ ಹಿರಿಯರು ಹೇಳಿದಂತೆ ಕೂಸನ್ನು ತಿಪ್ಪೆಯ ಮೇಲೆ ಮಲಗಿಸಿ ಬೊಮ್ಮಕ್ಕ ತಿರುಗಿ ನೋಡದೆ ಬಂದಳು. ಪಕ್ಕದ ಮನೆಯ ಕಾಟಮ್ಮ ಎಂಬ ಮುದುಕಿ ಅದನ್ನು ಎತ್ತಿಕೊಂಡು ಬಂದು, ಒಂದು ಮೊರ ತೌಡು ಕೊಟ್ಟು ಕೊಂಡುಕೊಂಡಳು. ಕೂಸಿಗೆ ತೌಡಮ್ಮ ಎಂದೇ ಹೆಸರಾಯಿತು. ಯಾರಿಗೂ ಬೇಡದ, ತೌಡಿಗೆ ಮಾರಿಹೋದ ಕೂಸು ಎಂದುಕೊಂಡು ಸಾವು ಆ ಮನೆ ಬಿಟ್ಟು ಮುಂದೆ ಹೋಗಲಿ ಎಂಬ ಲೆಕ್ಕ. ಮದುವೆಯ ಹೊತ್ತಿಗೆ ಹೆತ್ತವರು ತೌಡು ಹಿಂದಿರುಗಿಸಿ ಮಗಳನ್ನು ಬಿಡಿಸಿಕೊಳ್ಳಬೇಕು. ಅಲ್ಲಿಯ ತನಕ ಹೆತ್ತವಳು "ಇದು ನನ್ನ ಮಗಳು" ಎಂದು ಬಾಯಿ ಬಿಡುವಂತಿಲ್ಲ.

ವ್ಯಾಪಾರದಲ್ಲೇ ತಲೆ ನರೆತವನು ನಾನು, ಇಂಥ ಖರೀದಿ ಕಂಡಿಲ್ಲ. ಮಾಲು ಮಾರಿದವಳ ಮನೆಯಲ್ಲೇ ಉಳಿಯಿತು. ಹಾಲು ಕುಡಿಸಿದ್ದು, ಎಣ್ಣೆ ನೀರೆರೆದದ್ದು, ಜ್ವರ ಬಂದಾಗ ಎದ್ದು ಕೂತದ್ದು ಎಲ್ಲ ಮಾರಿದವಳೇ. ಹಕ್ಕು ಮಾತ್ರ ಕೊಂಡವಳದು. ತೌಡಮ್ಮ ಕಾಟಮ್ಮನನ್ನು ಅವ್ವಾ ಎನ್ನುತ್ತಿದ್ದಳು, ಬೊಮ್ಮಕ್ಕನನ್ನು ಅಕ್ಕಾ ಎನ್ನುತ್ತಿದ್ದಳು. ಲೆಕ್ಕ ಫಲಿಸಿತ್ತು. ಮಗು ಗುಂಡುಕಲ್ಲಿನ ಹಾಗೆ ಬೆಳೆಯಿತು, ಮೂರು ತುಂಬುವ ಹೊತ್ತಿಗೆ ಯಾರ ಕೈಗೂ ಸಿಕ್ಕದಂತೆ ಓಡತೊಡಗಿತು.

ಆ ಓಟವೇ ತಾಪತ್ರಯಕ್ಕೆ ಬಂತು. ಕಾಟಮ್ಮನ ಮೊಣಕಾಲು ಹಿಡಿದಿತ್ತು, ಕಣ್ಣೂ ಮಂಜಾಗಿತ್ತು. ಓಡುವ ಮಗುವನ್ನು ಕಾಯುವುದು ಆಕೆಯಿಂದ ಆಗುತ್ತಿರಲಿಲ್ಲ. ಹಾಗಾಗಿ ಬೊಮ್ಮಕ್ಕ ಅದನ್ನು ಮಂಡಿಗೇ ಕರೆತರುತ್ತಿದ್ದಳು. ಒಂದು ಮಧ್ಯಾಹ್ನ ಮಗು ನೆರಳು ಹುಡುಕಿಕೊಂಡು ಲಾರಿಯ ಅಡಿ ಹೋಗಿ ಮಲಗಿಬಿಟ್ಟಿತು. ಡ್ರೈವರ್ ಗಾಡಿ ಚಾಲೂ ಮಾಡಿದ. ಹಮಾಲಿ ಪಾಪಣ್ಣ ಕಂಡು ಕಾಲು ಹಿಡಿದು ಎಳೆಯದಿದ್ದರೆ ತಿಪ್ಪೆ, ತೌಡು ಯಾವುದೂ ಅದನ್ನು ಉಳಿಸುತ್ತಿರಲಿಲ್ಲ. ಬೊಮ್ಮಕ್ಕ ಅಳಲಿಲ್ಲ. ಮಗುವಿನ ಮೈಯ ಧೂಳು ಕೊಡವಿ, ನನ್ನ ಗದ್ದುಗೆಯ ಮುಂದೆ ಬಂದು ನಿಂತು, ಶಿಶುವಿಹಾರಕ್ಕೆ ಅರ್ಜಿ ಹಾಕುವುದು ಹೇಗೆಂದು ಕೇಳಿದಳು.

ಊರಿನ ಹೆಂಗಸರ ಸಂಘವೊಂದು ಆಗ ಸರ್ಕಾರದ ಅನುದಾನದಲ್ಲಿ ಶಿಶುವಿಹಾರ ನಡೆಸುತ್ತಿತ್ತು. ದುಡಿಯಲು ಹೋಗುವ ಹೆಂಗಸರ ಮಕ್ಕಳಿಗೆ ಅಲ್ಲಿ ಫೀಸಿಲ್ಲ, ಮಧ್ಯಾಹ್ನ ಉಪ್ಪಿಟ್ಟು, ಒಂದು ಲೋಟ ಹಾಲು. ನನ್ನ ಮೊಮ್ಮಗನೂ ಅಲ್ಲಿಗೇ ಹೋಗುತ್ತಿದ್ದ, ಫೀಸು ಕೊಟ್ಟು. ಅದೊಂದು ಬಿಟ್ಟರೆ ಅವನಿಗೆ ಹಾಡು ಬೇರೆ, ಉಪ್ಪಿಟ್ಟು ಬೇರೆ ಎಂದೇನಿರಲಿಲ್ಲ. ಪುಕ್ಕಟೆ ಸೀಟು ಕೆಲವೇ ಉಳಿದಿದ್ದವು. ತಾಯಿಯೇ ಬಂದು ಹೆಬ್ಬೆಟ್ಟು ಒತ್ತಬೇಕು, ಕೆಲಸ ಕೊಟ್ಟವರ ಚೀಟಿ ತರಬೇಕು. ಚೀಟಿ ನಾನು ಬರೆದುಕೊಟ್ಟೆ. ಸೀಟು ಸಿಕ್ಕಿದಂತೆಯೇ ಎಂದು ಬೊಮ್ಮಕ್ಕ ಸಂಜೆಯೇ ಮಗುವಿಗೊಂದು ಸ್ಲೇಟು ಕೊಂಡಳು.

ಸಂಘದ ಅಧ್ಯಕ್ಷೆ ಶಾಂತಾದೇವಿ, ಬಟ್ಟೆ ಅಂಗಡಿಯ ಮನೆಯವರು. ಅರ್ಜಿ ಮುಂದಿಟ್ಟುಕೊಂಡು ಕೂಸು ಯಾರದು ಎಂದು ಕೇಳಿದ್ದಾರೆ. ಬೊಮ್ಮಕ್ಕ ಒಂದು ಕ್ಷಣವೂ ತಡೆಯದೆ ಕಾಟಮ್ಮನದು ಎಂದಿದ್ದಾಳೆ. ಕಾಟಮ್ಮ ಎಲ್ಲಿ ಕೆಲಸ ಮಾಡುತ್ತಾಳೆ? ಎಲ್ಲೂ ಇಲ್ಲ, ಮನೆಯಲ್ಲೇ ಇರುತ್ತಾಳೆ. ಹಾಗಾದರೆ ಸೀಟು ಇಲ್ಲ. ಶಾಂತಾದೇವಿ ಈ ಊರಿನವರೇ, ತಿಪ್ಪೆ ತೌಡಿನ ಸಂಗತಿ ಅವರಿಗೆ ಗೊತ್ತಿಲ್ಲದ್ದಲ್ಲ. ಅರ್ಜಿಯನ್ನು ಪಕ್ಕಕ್ಕಿಟ್ಟು, ಸೋಮವಾರದವರೆಗೆ ಕಾಯುತ್ತೇನೆ, ಬಂದು ನನ್ನದು ಎಂದು ಒಂದೇ ಒಂದು ಮಾತು ಹೇಳಿ ಹೋಗು ಎಂದು ಕಳಿಸಿದರು.

ಬೊಮ್ಮಕ್ಕ ಮಂಡಿಗೆ ಬಂದು ಮೊರ ಹಿಡಿದು ಕೂತಳು. ಅಂದು ಎಷ್ಟೋ ಹೆಂಟೆಗಳು ರೈತರ ಪುಣ್ಯಕ್ಕೆ ಪಾರಾದವು. ನಾನು ಹತ್ತಿರ ಹೋಗಿ, ಶಾಂತಾದೇವಿಯವರ ಕಿವಿಯಲ್ಲಿ ಮೆಲ್ಲಗೆ ಹೇಳಿ ಬಾ, ಬೇರೆ ಯಾರಿಗೂ ಕೇಳಿಸುವುದಿಲ್ಲ ಎಂದೆ.

"ಯಾವುದಕ್ಕೆ ಕೇಳಬಾರ್ದೋ ಅದಕ್ಕೆ ಕೇಳ್ತೈತೆ, ಸಾವ್ಕಾರ್ರೆ."

"ಒಂದು ಮಾತಿಗೆ ಏನಾಗ್ತೈತೆ ಬೊಮ್ಮಕ್ಕ?"

ಆಕೆ ಮೊರ ನಿಲ್ಲಿಸಿದಳು. "ಎರಡು ಸಲ ಅಂದೀನಲ್ರಿ, ನಂದು, ನಂದು ಅಂತ. ಎರಡನ್ನೂ ಮಣ್ಣು ಮಾಡಾಕೆ ನಾನೇ ಹೋಗಿದ್ದೆ."

ನಾನು ಗದ್ದುಗೆಗೆ ಹಿಂದಿರುಗಿ ತಕ್ಕಡಿಯ ಹಗ್ಗ ಸರಿಮಾಡುತ್ತಾ ಕೂತೆ. ಅದು ಸರಿಯಾಗಿಯೇ ಇತ್ತು.

ಮರುದಿನ ಬೆಳಿಗ್ಗೆ ಬೊಮ್ಮಕ್ಕ ಬಂದಾಗ ಒಂದು ಕೈಯಲ್ಲಿ ತೌಡಮ್ಮ, ಇನ್ನೊಂದು ಕೈಯಲ್ಲಿ ಕಾಟಮ್ಮ, ತಲೆಯ ಮೇಲೆ ಮಡಿಸಿದ ಗೋಣಿತಾಟು. ತಾಟನ್ನು ಗೋಡೆಯ ಬದಿ ಹಾಸಿ ಮುದುಕಿಯನ್ನು ಕೂರಿಸಿ, ನನ್ನ ಕಡೆ ತಿರುಗಿದಳು.

"ಶಿಶುವಿಹಾರದ ಅಮ್ಮಾರು ಏನಂದ್ರು? ಕೂಸಿನ ತಾಯಿ ಕೆಲಸಕ್ಕೆ ಹೋಗೋಳು ಆಗಿರ್ಬೇಕು ಅಂದ್ರು. ಇವತ್ತಿನಿಂದ ಕಾಟಮ್ಮ ದೊಡ್ಡವ್ವ ಕೆಲಸಕ್ಕೆ ಬರ್ತಾಳೆ. ಚೀಟಿ ಬರೀರಿ."

ಕಣ್ಣು ಕಾಣದ ಮುದುಕಿ ಶೇಂಗಾದಲ್ಲಿ ಏನು ಆರಿಸುತ್ತಾಳೆ ಎಂದೆ. ಕಾಟಮ್ಮ ಮೊರವನ್ನು ತೊಡೆಯ ಮೇಲೆ ಎಳೆದುಕೊಂಡು ಬೆರಳಾಡಿಸಿ, ಒಂದು ಕಲ್ಲು ತೆಗೆದು ನನ್ನ ಕಡೆ ಎಸೆದಳು. "ಅಕ್ಕಿ ಆರ್ಸಾಕೆ ಕಣ್ಣು ಬೇಕಪ್ಪ, ಶೇಂಗಾಕ್ಕೆ ಬೆರಳು ಸಾಕು. ನನಗೆ ಎಲೆಅಡಿಕೆ ನಿನ್ನದೇ" ಎಂದಳು. ಕೂಲಿ, ಅದರ ಮೇಲೆ ಎಲೆಅಡಿಕೆ! ಎದುರಿನ ಮಂಡಿಯವನು ಬಾಗಿಲಲ್ಲಿ ನಿಂತು ನಗುತ್ತಿದ್ದ. ನಾನು ಇನ್ನೊಂದು ಚೀಟಿ ಬರೆದೆ.

ಸೋಮವಾರ ಕಾಟಮ್ಮನೇ ಹೋಗಿ ಹೆಬ್ಬೆಟ್ಟು ಒತ್ತಿ ಬಂದಳು. ಶಾಂತಾದೇವಿ ಅರ್ಜಿ ತೆಗೆದುಕೊಂಡರು, ಆದರೆ ಅನುದಾನ ಕೊಡುವ ಇಲಾಖೆಯ ಮೇಲ್ವಿಚಾರಕಿ ಚಿತ್ರದುರ್ಗದಿಂದ ಬಂದು ವಿಚಾರಿಸುತ್ತಾರೆ, ಅವರು ಒಪ್ಪಿದರೆ ಮಾತ್ರ ಸೀಟು ಎಂದರು. ಮೂರು ವರ್ಷದ ಮಗುವಿಗೆ ಬಾಯಲ್ಲಿ ಹಲ್ಲಿಲ್ಲದ ತಾಯಿಯನ್ನು ಹೊರಗಿನವರಿಗೆ ವಿವರಿಸುವುದು ತಮ್ಮಿಂದಾಗದು ಎಂದೂ ಸೇರಿಸಿದರು.

ಆ ಮೇಲ್ವಿಚಾರಕಿ ಬಂದದ್ದು ವಾರದ ನಂತರ, ಮಂಡಿ ತುಂಬ ಗಾಡಿಗಳಿದ್ದಾಗ. ಕನ್ನಡಕ ಹಾಕಿದ, ಕಡಿಮೆ ಮಾತಿನ ಹೆಂಗಸು. ಕಾಟಮ್ಮ ಕೆಲಸ ಮಾಡುವುದನ್ನು ನಿಂತು ನೋಡಿದರು. ಅದರಲ್ಲಿ ಮೋಸವಿರಲಿಲ್ಲ, ಮುದುಕಿಯ ಮುಂದೆ ಕಲ್ಲಿನ ಗುಡ್ಡೆಯೇ ಬಿದ್ದಿತ್ತು. ಆಮೇಲೆ ಕೂಸು ನಿಮ್ಮದಾ ಎಂದು ಕೇಳಿದರು.

"ನಂದೇ. ಒಂದು ಮೊರ ತೌಡು ಕೊಟ್ಟು ತಗಂಡೀನಿ. ಮಾರಿದೋಳು ಇಲ್ಲೇ ಅದಾಳೆ, ಕೇಳ್ರಿ."

ಮೇಲ್ವಿಚಾರಕಿ ಬೊಮ್ಮಕ್ಕನ ಕಡೆ ತಿರುಗಿದರು. ತೌಡಮ್ಮ ಆಗ ಆಕೆಯ ಬೆನ್ನಿಗೆ ಜೋತುಬಿದ್ದು ಜಡೆ ಎಳೆಯುತ್ತಿತ್ತು. ಇಬ್ಬರದೂ ಒಂದೇ ಮೂಗು, ಒಂದೇ ಹಣೆ. ಬೊಮ್ಮಕ್ಕ ತಲೆ ಎತ್ತಿ ನೇರವಾಗಿ ನೋಡಿದಳು.

"ಹೌದ್ರಿ, ಮಾರೀನಿ. ಕೂಸು ದೊಡ್ಡವ್ವಂದು. ನಾನು ಎತ್ತಾಡ್ಸೋಳು."

ನಾನಂತೂ ಸೀಟು ಹೋಯಿತೆಂದೇ ತಿಳಿದೆ. ಮೇಲ್ವಿಚಾರಕಿ ಮಗುವನ್ನು ಹತ್ತಿರ ಕರೆದು ಹೆಸರು ಕೇಳಿದರು. ತೌಡಮ್ಮ ಎಂದಿತು. ಅವರು ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡು, ತಮ್ಮ ಅಣ್ಣನ ಹೆಸರೂ ತೌಡಪ್ಪ ಎಂದರು. ಕಾಲೇಜಿನಲ್ಲಿ ಪಾಠ ಮಾಡುತ್ತಾನಂತೆ, ಹೆಸರು ಬದಲಾಯಿಸಿಕೊಳ್ಳಲು ಇವತ್ತಿಗೂ ಅವರ ಅವ್ವ ಬಿಟ್ಟಿಲ್ಲವಂತೆ. ಅರ್ಜಿಯಲ್ಲಿ ತಾಯಿ ಎಂದಿದ್ದ ಕಡೆ ಗೀಟೆಳೆದು ಪೋಷಕಿ ಎಂದು ಬರೆದು, ಮುಂದೆ ಕಾಟಮ್ಮನ ಹೆಸರು ಹಾಕಿ ರುಜು ಮಾಡಿದರು.

ತೌಡಮ್ಮ ಶಿಶುವಿಹಾರಕ್ಕೆ ಹೋಗತೊಡಗಿದಳು. ಕಾಟಮ್ಮ ಮಾತ್ರ ಮನೆಗೆ ಹಿಂದಿರುಗಲಿಲ್ಲ. ಕೆಲಸ ಬಿಟ್ಟರೆ ಸೀಟು ಹೋಗುತ್ತದೆ ಎಂದು ಬೊಮ್ಮಕ್ಕ ಹೆದರಿಸಿದ್ದಳೋ, ಮುದುಕಿಗೇ ಎಲೆಅಡಿಕೆಯ ರುಚಿ ಹತ್ತಿತ್ತೋ, ಗೋಡೆಯ ಬದಿ ತಳವೂರಿ ಹಮಾಲಿಗಳಿಂದ ಹಿಡಿದು ನನ್ನವರೆಗೆ ಎಲ್ಲರಿಗೂ ಬುದ್ಧಿ ಹೇಳತೊಡಗಿದಳು.

ಮಳೆಗಾಲ ಶುರುವಾದ ಮೇಲೆ ಒಂದು ದಿನ ಶಿಶುವಿಹಾರದ ಆಯಾ ಓಡಿ ಬಂದಳು. ಮಗು ಜಾರುಬಂಡೆಯಿಂದ ಬಿದ್ದು ಹುಬ್ಬು ಒಡೆದುಕೊಂಡಿದೆ, ಆಸ್ಪತ್ರೆಗೆ ಕರೆದೊಯ್ಯಬೇಕು, ತಾಯಿ ಬರಬೇಕಂತೆ ಎಂದಳು. ಬೊಮ್ಮಕ್ಕನ ಮೊರ ಆಗಲೇ ನೆಲದ ಮೇಲಿತ್ತು. ಎದ್ದವಳು ಹಾಗೆಯೇ ನಿಂತು ಕಾಟಮ್ಮನ ಕಡೆ ನೋಡಿದಳು. ಕಾಟಮ್ಮ ಗೋಡೆ ಹಿಡಿದು ಏಳಲು ಹೊರಟವಳು, ಅರ್ಧಕ್ಕೆ ನಿಂತು, ಮತ್ತೆ ತಾಟಿನ ಮೇಲೆ ಕುಸಿದಳು.

"ನನ್ನ ಮೊಣಕಾಲು ಏಳಾಕೆ ಬಿಡವಲ್ದು. ನನ್ನ ಪರವಾಗಿ ನೀನೇ ಹೋಗೇ."

ಬೊಮ್ಮಕ್ಕ ಓಡಿದಳು. ಸಂಜೆ ಶಾಂತಾದೇವಿ ತಮ್ಮ ಬಟ್ಟೆ ಅಂಗಡಿಯ ಮುಂದೆ ಸಿಕ್ಕಾಗ ನಡೆದದ್ದನ್ನು ಹೇಳಿದರು. ಹೊಲಿಗೆ ಹಾಕುವಷ್ಟು ಹೊತ್ತೂ ಮಗು ಆಕೆಯ ಕತ್ತು ಬಿಟ್ಟಿಲ್ಲ. ಮಗುವಿಗೆ ನೀವು ಏನಾಗಬೇಕು ಎಂದು ಡಾಕ್ಟರು ಕೇಳಿದಾಗ, ಆಕೆ ಮಗುವನ್ನು ಇನ್ನಷ್ಟು ಬಿಗಿಯಾಗಿ ಅವಚಿಕೊಂಡು, ಕಾಟಮ್ಮ ಕಳಿಸಿದಾಳೆ ಎಂದಳಂತೆ.