ಮೃದಂಗದ ಮೇಸ್ತ್ರಿಗೆ ಕೇಳಿಸಿದ್ದು

ಅವರ ಬಲಗೈ ಹೆಬ್ಬೆರಳಿನ ಉಗುರು ಚಪ್ಪಟೆಯಾಗಿ, ಇದ್ದಿಲಿನಂತೆ ಕಪ್ಪಾಗಿತ್ತು. ಎಷ್ಟು ಸೋಪು ಹಾಕಿ ತಿಕ್ಕಿದರೂ ಹೋಗದ ಕಪ್ಪು. ಮೃದಂಗದ ಬಲಗಡೆ ನಟ್ಟನಡುವೆ ದುಂಡಗೆ ಕಾಣುತ್ತದಲ್ಲ, ಕರಣೆ ಎನ್ನುವ ಕಪ್ಪು ಲೇಪ, ಅದನ್ನು ಪದರ ಪದರವಾಗಿ ಹಚ್ಚಿ, ಕಲ್ಲಿನಿಂದ ಉಜ್ಜಿ ನಲವತ್ತು ವರ್ಷ ಕಳೆದ ಬೆರಳು ಅದು. ಮಾರೇನಹಳ್ಳಿಯ ಒಂದು ಅಡ್ಡರಸ್ತೆಯಲ್ಲಿ, ಹೂವಿನಂಗಡಿಗೂ ಹಿಟ್ಟಿನ ಗಿರಣಿಗೂ ಮಧ್ಯೆ ಅವರ ಅಂಗಡಿ. ನಾವೆಲ್ಲ ಅವರನ್ನು ಮೇಸ್ತ್ರಿ ಎಂದೇ ಕರೆಯುತ್ತಿದ್ದೆವು.

ಪಕ್ಕದಲ್ಲಿ ಗಿರಣಿ ಅಷ್ಟು ಜೋರಾಗಿ ಓಡುತ್ತಿರುವಾಗ ಶ್ರುತಿ ಹೇಗೆ ಕೇಳಿಸುತ್ತದೆ ಎಂದು ನಾನೊಮ್ಮೆ ಕೇಳಿದ್ದೆ. "ಅದು ಅದರ ಪಾಡಿಗೆ ಕಿರುಚ್ಕೊಳ್ತದೆ, ನಾನು ನನ್ ಪಾಡಿಗೆ ಕೇಳ್ಕೊತೀನಿ" ಎಂದಿದ್ದರು. ಅಂಗಡಿಯಲ್ಲಿ ರೇಡಿಯೋ ಇಟ್ಟವರಲ್ಲ. ಕಿವಿಗೆ ಒಂದೇ ಹೊತ್ತಿಗೆ ಎರಡು ಕೆಲಸ ಕೊಡಬಾರದಂತೆ. ಬೀದಿಯ ಹೆಂಗಸರು ಹೊಸ ಬಿಂದಿಗೆ ಕೊಂಡರೆ ಇವರ ಮುಂದೆ ತಂದಿಡುತ್ತಿದ್ದರು. ಇವರು ಬೆರಳಿನಿಂದ ಎರಡು ಸಲ ತಟ್ಟಿ, "ಬೆಸುಗೆ ಸರಿಯಿಲ್ಲ, ವಾಪಸ್ ಕೊಟ್ಬಿಡವ್ವ" ಎಂದರೆ ಮುಗಿಯಿತು, ಪಾತ್ರೆ ಅಂಗಡಿಯವನೂ ಎದುರು ಮಾತಾಡುತ್ತಿರಲಿಲ್ಲ.

ಆಗ ನನಗೆ ಇಪ್ಪತ್ತಮೂರು. ರಾಜಾಜಿನಗರದ ಒಂದು ಚಿಕ್ಕ ರೆಕಾರ್ಡಿಂಗ್ ಸ್ಟುಡಿಯೋದಲ್ಲಿ ಸಹಾಯಕಿ. ಮೈಕು ನಿಲ್ಲಿಸುವುದು, ವೈರು ಸುತ್ತುವುದು, ಸ್ಟುಡಿಯೋದ ಮೃದಂಗವನ್ನು ಮೇಸ್ತ್ರಿಯ ಅಂಗಡಿಗೆ ಒಯ್ದು ತರುವುದು ನನ್ನ ಕೆಲಸ. ಆ ವರ್ಷ ಮೊದಲ ಸಲ ಸ್ಟುಡಿಯೋದ ಯಜಮಾನರು, ನಮ್ಮ ಸಾರು, ಒಂದು ಪಿಟೀಲು ಕಚೇರಿಯ ಸಿ.ಡಿ.ಯನ್ನು ಪೂರ್ತಿ ನನ್ನ ಕೈಗೇ ಬಿಟ್ಟಿದ್ದರು. ರೆಕಾರ್ಡಿಂಗೂ ನಂದೇ, ಮಿಕ್ಸಿಂಗೂ ನಂದೇ. ಮಂಗಳವಾರ ಅದು ಅಚ್ಚಿಗೆ ಹೋಗಬೇಕಿತ್ತು.

ಅದೇ ವಾರ ಸಾರಿನ ಸ್ನೇಹಿತರೊಬ್ಬರು ಹೊರದೇಶದಿಂದ ಎರಡು ಹೆಡ್‌ಫೋನು ತಂದರು. ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ಹಿಂದಿರುಗಿಸಬೇಕು. ಒಂದು ಕಪ್ಪುಬಣ್ಣದ್ದು, ಕಿವಿಯನ್ನು ಪೂರ್ತಿ ಮುಚ್ಚುವ ಚರ್ಮದ ದಿಂಬು. ಇನ್ನೊಂದರ ಹೊರಮೈಗೆ ಬೆಳ್ಳಿಬಣ್ಣದ ಜಾಲರಿ. ಹಾಕಿಕೊಂಡರೆ ಹೊರಗಿನ ಸದ್ದೂ ಒಳಗೆ ಬರುತ್ತದೆ. ಅಂಥವನ್ನು ನಾನು ಪತ್ರಿಕೆಯ ಚಿತ್ರದಲ್ಲಷ್ಟೇ ನೋಡಿದ್ದೆ. ಶನಿವಾರವೆಲ್ಲ ಒಂದನ್ನು ತೆಗೆದು ಇನ್ನೊಂದನ್ನು ಹಾಕಿ, ಮತ್ತೆ ಅದನ್ನು ತೆಗೆದು ಇದನ್ನು ಹಾಕಿ, ಊಟದ ಡಬ್ಬಿ ತೆರೆಯುವುದನ್ನೂ ಮರೆತೆ. ಕಪ್ಪುದರಲ್ಲಿ ಮೃದಂಗದ ಎಡಗಡೆಯ ಗುಂಕಾರ ಎದೆಯೊಳಗೇ ಇಳಿಯುತ್ತಿತ್ತು. ಜಾಲರಿಯದರಲ್ಲಿ ಗುಂಕಾರ ಕಡಿಮೆ, ಆದರೆ ಪಿಟೀಲಿನ ಕಮಾನು ತಂತಿಯ ಮೇಲೆ ತಿರುಗುವಾಗಿನ ಸಣ್ಣ ಉಸಿರೂ ಕೇಳುತ್ತಿತ್ತು. ನನಗಂತೂ ಎರಡೂ ಬೇಕು!

"ನಂಗೆ ಕಪ್ಪುದೇ ಇಷ್ಟ. ಆದ್ರೂ ನೀನು ಸೋಮವಾರ ಹೇಳು, ನೋಡೋಣ" ಎಂದರು ಸಾರು.

ಭಾನುವಾರ ಬೆಳಿಗ್ಗೆ ಎರಡನ್ನೂ ಅಮ್ಮನ ಹಳೇ ಸೀರೆಯಲ್ಲಿ ಸುತ್ತಿ, ಸಿ.ಡಿ. ಪ್ಲೇಯರನ್ನೂ ಟಿಫನ್ ಡಬ್ಬಿಯಷ್ಟು ದೊಡ್ಡ ಆಂಪ್ಲಿಫೈಯರನ್ನೂ ಬ್ಯಾಗಿಗೆ ತುಂಬಿಕೊಂಡು ಬಸ್ಸು ಹತ್ತಿದೆ. ಮೇಸ್ತ್ರಿಯ ಕಿವಿಗಳನ್ನು ಬಿಟ್ಟು ಬೇರೆ ಯಾರನ್ನು ಕೇಳಲಿ?

"ಇದೇನಮ್ಮಾ, ಎರಡೆರಡು ಹೆಲ್ಮೆಟ್ಟು?" ಎಂದು ನಕ್ಕರು ಮೇಸ್ತ್ರಿ. ಗಿರಣಿಗೆ ಅಂದು ರಜೆ. ಕನ್ನಡಕ ತೆಗೆದಿಟ್ಟು ಮೊದಲು ಕಪ್ಪುದನ್ನು ಹಾಕಿಸಿಕೊಂಡರು. ಪಿಟೀಲು ಶುರುವಾಗಿ ಮೃದಂಗ ಸೇರಿಕೊಂಡದ್ದೇ ತಡ, ಕಣ್ಣರಳಿತು.

"ಅಯ್ಯಯ್ಯೋ! ವಿದ್ವಾಂಸರ ತೊಡೆ ಪಕ್ಕದಲ್ಲೇ ಕೂತಂಗೈತಲ್ಲಮ್ಮಾ!" ಕಿವಿ ಮುಚ್ಚಿದ್ದರಿಂದ ಅವರ ದನಿ ಬೀದಿಗೆಲ್ಲ ಕೇಳಿತು. ಹೂವಿನಂಗಡಿಯಾಕೆ ಇಣುಕಿ ನೋಡಿದಳು. ಮೇಸ್ತ್ರಿ ತೊಡೆಯ ಮೇಲೆ ತಾಳ ಹಾಕುತ್ತ ಮಗುವಿನಂತೆ ನಗುತ್ತಿದ್ದರು. ನಲವತ್ತು ವರ್ಷ ವಾದ್ಯ ಮಾಡಿದವರು ತಮ್ಮ ವಾದ್ಯವನ್ನು ಅಷ್ಟು ಹತ್ತಿರದಿಂದ ಹಾಗೆ ಕೇಳಿದ್ದು ಅದೇ ಮೊದಲು.

ಆಮೇಲೆ ಜಾಲರಿಯದು. ಐದು ನಿಮಿಷ ಆಗಿತ್ತೋ ಇಲ್ಲವೋ, ತಾಳ ನಿಂತಿತು. "ಹಿಂದಕ್ಕೆ ಹಾಕು" ಎಂದರು. ಹಾಕಿದೆ. "ಇನ್ನೊಂದ್ಸಲ." ಮತ್ತೆ ಕಪ್ಪುದು ಬೇಕೆಂದರು, ಮತ್ತೆ ಜಾಲರಿಯದು. ಕೊನೆಗೆ ಮೆಲ್ಲಗೆ ತೆಗೆದು ಮಡಿಲಲ್ಲಿಟ್ಟುಕೊಂಡರು.

"ಕಪ್ಪುದ್ರಲ್ಲಿ ಕೇಳ್ಸಲ್ಲ. ಇದ್ರಲ್ಲಿ ಕೇಳ್ತದೆ."

"ಏನು ಮೇಸ್ತ್ರಿ?"

"ನನ್ ತಪ್ಪು."

ಹೆಡ್‌ಫೋನನ್ನು ನನ್ನ ಕಿವಿಗೆ ಹಾಕಿ, ಆ ಸದ್ದು ಬಂದಾಗಲೆಲ್ಲ ಭುಜ ತಟ್ಟಿದರು. ಈಗ. ಮತ್ತೆ ಈಗ. ಮೂರು ಸಲ ನನಗೇನೂ ಕೇಳಲಿಲ್ಲ. ನಾಲ್ಕನೇ ಸಲ ಕೇಳಿತು! ಬಲಗಡೆಯ ಪೆಟ್ಟಿನ ಬಾಲದಲ್ಲಿ, ಸೊಳ್ಳೆ ರೆಕ್ಕೆ ಬಡಿದಷ್ಟು ಸಣ್ಣ "ಜರ್". ನಾನು ಕುಣಿದಾಡುವುದೊಂದು ಬಾಕಿ. ಒಂದು ವಾರ ನಾನೇ ಮಿಕ್ಸ್ ಮಾಡಿದ ಕಚೇರಿಯಲ್ಲಿ ಹೀಗೊಂದು ಸದ್ದು ಕೂತಿದೆ, ಈ ಜಾಲರಿ ಅದನ್ನು ಹೊರಗೆಳೆದಿದೆ!

ಮರುಕ್ಷಣವೇ ನೆನಪಾಯಿತು. ಮಂಗಳವಾರ ಅಚ್ಚು.

"ನಿಮ್ ಸ್ಟುಡಿಯೋ ಮೃದಂಗಕ್ಕೆ ಕರಣೆ ಹಾಕಿದ್ದು ನಾನೇ ಕಣಮ್ಮಾ. ಒಂದು ಪದರ ಒಣಗೋಕ್ ಮುಂಚೆ ಇನ್ನೊಂದು ಹಚ್ಬಿಟ್ಟೆ, ಹಬ್ಬದ ಆತುರ. ಒಳಗೆ ಕೂದಲೆಳೆಯಷ್ಟು ಬಿರುಕು ಬಿಟ್ಟದೆ."

"ಬಿಡಿ ಮೇಸ್ತ್ರಿ, ಯಾರಿಗೂ ಗೊತ್ತಾಗಲ್ಲ" ಎಂದೆ. ಹೆದರಿ ಆಡಿದ ಮಾತು.

ಅವರು ನನ್ನನ್ನೇ ನೋಡಿದರು. "ನಿಂಗೆ ಈಗ ಕೇಳ್ತಲ್ಲ. ಇನ್ಮೇಲೆ ಕೇಳ್ದೇ ಇರ್ತದಾ?"

ಷಟರು ಎಳೆದು, ಉಪಕರಣದ ಚೀಲ ಹೆಗಲಿಗೇರಿಸಿ, ಆಟೋ ಕರೆದರು. ರಾಜಾಜಿನಗರಕ್ಕೆ ಬಂದು ಸಾರಿನ ಮನೆಯ ಬಾಗಿಲಲ್ಲಿ ನಿಂತು, ನಾನು ಬಾಯಿ ತೆರೆಯುವ ಮೊದಲೇ ಹೇಳಿದರು: "ಸಾರ್, ಬೈಯೋದಾದ್ರೆ ನಂಗೆ ಬೈರಿ. ವಾದ್ಯ ನಂದು, ತಪ್ಪು ನಂದು. ಈ ಹುಡುಗಿ ಸದ್ದನ್ನ ಇದ್ದಂಗೇ ಹಿಡಿದವ್ಳೆ, ಅದು ಅವಳ ಹೆಚ್ಚುಗಾರಿಕೆ."

ಸಾರು ಬೈಯಲಿಲ್ಲ. ಜಾಲರಿಯ ಹೆಡ್‌ಫೋನು ಹಾಕಿಕೊಂಡು ಬಹಳ ಹೊತ್ತು ಕೇಳಿದರು. ಮೇಸ್ತ್ರಿ ಅವರ ಭುಜವನ್ನೂ ತಟ್ಟಬೇಕಾಯಿತು. ಕೊನೆಗೆ, "ಥೂ, ಹೌದಲ್ರೀ!" ಎಂದು ಎದ್ದು, ಅಚ್ಚಿನವರಿಗೆ ಒಂದು ವಾರ ತಡವೆಂದು ತಿಳಿಸಿ, ಬಸವೇಶ್ವರನಗರದ ಮೃದಂಗ ವಿದ್ವಾಂಸರಿಗೂ ಪಿಟೀಲಿನವರಿಗೂ ತಾವೇ ಫೋನು ಮಾಡಿದರು. ಮೇಸ್ತ್ರಿ ಸ್ಟುಡಿಯೋದ ನೆಲದ ಮೇಲೆಯೇ ಕೂತು ಹಳೆಯ ಕರಣೆಯನ್ನೆಲ್ಲ ಕೆರೆದು ತೆಗೆದರು. ಹೊಸದಾಗಿ ಹಚ್ಚಲು ಎರಡು ದಿನ ತೆಗೆದುಕೊಂಡರು. ಪ್ರತಿ ಪದರ ಒಣಗುವವರೆಗೂ ಕೈಕಟ್ಟಿ ಕಾದರು. ಯಾರಾದರೂ ಆಯ್ತಾ ಎಂದರೆ, "ಆತುರ ಮಾಡಿ ಒಂದ್ಸಲ ಕೆಟ್ಟಿದೀನಿ" ಎನ್ನುತ್ತಿದ್ದರು.

ಬುಧವಾರ ಮತ್ತೆ ನುಡಿಸಿದಾಗ ಮೃದಂಗ ಗಂಟೆಯ ಹಾಗೆ ಮೊಳಗಿತು. ವಿದ್ವಾಂಸರಿಗೂ ಹುಮ್ಮಸ್ಸು ಬಂದು, ಮೊದಲ ರೆಕಾರ್ಡಿಂಗಿನಲ್ಲಿ ನುಡಿಸಿರದಂಥ ಮುಕ್ತಾಯವೊಂದನ್ನು ಹೊಡೆದರು. ಗಾಜಿನ ಈಚೆ ಜಾಲರಿಯ ಹೆಡ್‌ಫೋನು ಹಾಕಿಕೊಂಡಿದ್ದ ಮೇಸ್ತ್ರಿ ಎದ್ದು ನಿಂತು ಎರಡೂ ಕೈ ಮೇಲೆತ್ತಿಬಿಟ್ಟರು. ವೈರು ಜಗ್ಗಿ ಆಂಪ್ಲಿಫೈಯರು ಮೇಜಿನಿಂದ ಬಿತ್ತು. ಸಾರು ನಕ್ಕರು. ಕಪ್ಪು ಹೆಡ್‌ಫೋನು ಅಂದೇ ಹಿಂದಿರುಗಿತು. ಮಾರನೆಯ ದಿನದಿಂದ ವೈರು ಸುತ್ತಲು ಬೇರೆಯವರು ಬಂದರು. ಮಿಕ್ಸಿಂಗ್ ಮೇಜಿನ ಮುಂದಿನ ಕುರ್ಚಿ ನನ್ನದಾಯಿತು.

ಮೇಸ್ತ್ರಿ ಹೋದದ್ದು ಮೂರು ವರ್ಷದ ಮೇಲೆ, ಒಂದು ಬೆಳಿಗ್ಗೆ, ತಿಂಡಿ ತಿಂದು ಕೂತಲ್ಲೇ. ಅವರ ಮಗಳ ಫೋನು ಬಂದಾಗ ನಾನು ಒಂದು ಹಾಡುಗಾರಿಕೆಯ ರೆಕಾರ್ಡಿಂಗಿನಲ್ಲಿದ್ದೆ. ಗಾಜಿನಾಚೆಯವರಿಗೆ ಮೈಕಿನಲ್ಲಿ ವಿಷಯ ತಿಳಿಸಿ, ಅವರ ಮನೆಗೆ ಹೊರಟೆನೆಂದೆ. ಹಾಡು ನಿಂತಿತು. ಮೃದಂಗದ ಹುಡುಗ ಅವತ್ತೇ ಮೊದಲು ನಮ್ಮಲ್ಲಿಗೆ ಬಂದಿದ್ದವನು, ಅವನ ಹೆಸರೂ ನನಗೆ ಸರಿಯಾಗಿ ಗೊತ್ತಿರಲಿಲ್ಲ. ಅವನು ತನ್ನ ವಾದ್ಯವನ್ನು ತೊಡೆಯಿಂದ ಕೆಳಗಿಳಿಸಿ, ಅದಕ್ಕೆ ಕೈಮುಗಿದು, "ಇದೂ ಅವರು ಮಾಡಿದ್ದೇ ಮೇಡಂ. ನಾನೂ ಬರ್ತೀನಿ" ಎಂದು ಎದ್ದ.